ಮರಕ್ಕೆ ಕೇಳಿಸದಂತೆ

ಭಾನುವಾರ, ಜೂನ್ ಎಂಟು. ಬೆಳಿಗ್ಗೆ ಆರೂ ನಲವತ್ತಕ್ಕೆ ಬರೆಯಲು ಕೂತೆ.

ತೆಂಗಿನಕಾಯಿ ಕೀಳುವ ದ್ಯಾವಣ್ಣ, ಹತ್ತುವುದಿಲ್ಲ ಎಂಬ ಮಾತನ್ನು ಮರದ ಎದುರಿಗೆ ಎಂದೂ ಆಡುತ್ತಿರಲಿಲ್ಲ. ಮೊದಲು ಮರವನ್ನು ತಬ್ಬಿ, ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮನಸ್ಸು ಒಪ್ಪಿದರೆ ಕಾಲಿಗೆ ಹಗ್ಗ ಸಿಕ್ಕಿಸಿಕೊಂಡು ಹತ್ತಿಬಿಡುತ್ತಿದ್ದ. ಒಪ್ಪದಿದ್ದರೆ ಬುಡವನ್ನು ಮೆಲ್ಲಗೆ ತಟ್ಟಿ, ತೋಟದವರನ್ನು ಬೇಲಿಯಾಚೆಗೆ ಕರೆದೊಯ್ದು, ದೊಡ್ಡಾಸ್ಪತ್ರೆಯ ಡಾಕ್ಟರು ರೋಗಿಯ ಕಡೆಯವರಿಗೆ ಹೇಳುವ ಹಾಗೆ ತಗ್ಗಿದ ದನಿಯಲ್ಲಿ ತಿಳಿಸುತ್ತಿದ್ದ.

"ಮರದ ಮುಂದೆ ಅನ್ಬಾರ್ದು ಕಣಪ್ಪ. ಎದೆ ಒಡ್ಕಂತದೆ."

ಹಂದನಕೆರೆ ಕಡೆಯ ಹಟ್ಟಿಯೊಂದರಿಂದ, ಕುಡುಗೋಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೊಪೆಡ್ಡಿನಲ್ಲಿ ಬರುತ್ತಿದ್ದ. ಅವನು ಬೇಡವೆಂದ ಮರವನ್ನು ನಮ್ಮ ಸುತ್ತಿನಲ್ಲಿ ಬೇರೆ ಯಾರೂ ಹತ್ತುತ್ತಿರಲಿಲ್ಲ. ನಾನು ದಿನಚರಿ ಬರೆಯಲು ಶುರುಮಾಡಿದ ಮೇಲೆ ನಮ್ಮ ತೋಟದಲ್ಲಿ ಅವನು ಬೇಡವೆಂದ ಮರಗಳು ಏಳು. ಏಳೂ ಇನ್ನೂ ನಿಂತಿವೆ. ಬಿದ್ದದ್ದು ಒಂದೇ. ಅದು ಹಿಂದಿನ ದಿನವಷ್ಟೇ ಅವನು ಹತ್ತಿ ಇಳಿದಿದ್ದ ಮರ. ಈ ಲೆಕ್ಕ ಒಪ್ಪಿಸಿದಾಗ ಅವನಿಗೆ ಬೇಸರವೇನೂ ಆಗಲಿಲ್ಲ.

"ನಾನು ಮ್ಯಾಲಿದ್ದಾಗ ಬಿತ್ತಾ? ಇಲ್ವಲ್ಲ. ಅಷ್ಟು ಮರ್ವಾದೆ ಅದುಕ್ಕಿತ್ತು."

ಹಿತ್ತಿಲಲ್ಲಿ ಒಂದು ಮರವಿದೆ. ಅಪ್ಪ ಹುಟ್ಟಿದ ವರ್ಷ ಅಜ್ಜಿ ನೆಟ್ಟದ್ದು. ಈಗ ಅಡುಗೆಮನೆಯ ಮೇಲೆ ಬಾಗಿದೆ. ಕಾಯಿ ತಾನಾಗಿ ಉದುರಿದರೆ ಚಾವಣಿಯ ಶೀಟು ಒಡೆಯುತ್ತದೆ. ದ್ಯಾವಣ್ಣ ಹತ್ತದಿದ್ದರೆ ಮರ ಕಡಿಸಿಬಿಡುವುದೇ ಎಂದು ಹಿಂದೊಮ್ಮೆ ಚಿಕ್ಕಪ್ಪ ಹೇಳಿದ್ದರು. ಅಂದು ಅವನು ಮರವನ್ನು ತಬ್ಬಿದ, ಬುಡ ತಟ್ಟಿದ, ಅಜ್ಜಿಯನ್ನು ಬೇಲಿಯಾಚೆಗೆ ಕರೆದೊಯ್ದು ಪಿಸುಗುಟ್ಟಿದ.

ಅಜ್ಜಿಗೆ ಕಿವಿ ಮಂದ. "ಆಂ?" ಎಂದಳು.

ದನಿ ಏರಿಸಲು ಅವನಿಗೆ ಧೈರ್ಯ ಬರಲಿಲ್ಲ. ಮರದ ಕಡೆ ತಿರುಗಿ ನೋಡಿ, ಅಜ್ಜಿಯನ್ನು ಮೋರಿಯ ತನಕ ನಡೆಸಿಕೊಂಡು ಹೋದ. ಅಲ್ಲೂ ಆಂ. ಅಲ್ಲಿಂದ ರಸ್ತೆಗೆ, ರಸ್ತೆಯಿಂದ ಹಾಲಿನ ಡೈರಿಗೆ. ಚಿಕ್ಕಪ್ಪನೂ ನಾನೂ ಹಿಂದೆಯೇ ನಡೆದೆವು. ಡೈರಿಯ ಮುಂದೆ ಕೊನೆಗೂ ಕೂಗಿದ: "ನಿನ್ ಮರ ನಂಬಂಗಿಲ್ಲ ಕಣವ್ವೋ!"

ಕ್ಯಾನು ಹಿಡಿದು ನಿಂತವರೆಲ್ಲ ತಿರುಗಿದರು.

"ಇಷ್ಟು ಜೋರಾಗಿ ಕೂಗ್ಕೊಂಡ್ಯಲ್ಲಾ, ಅದುಕ್ಕೂ ಕೇಳ್ಸಿರ್ತದೆ," ಎಂದಳು ಅಜ್ಜಿ. "ನಡಿ, ಸಮಾಧಾನ ಹೇಳು."

ದ್ಯಾವಣ್ಣನ ಮುಖ ಇಳಿದುಹೋಯಿತು. ವಾಪಸ್ಸು ಬಂದು, ಮರದ ಮುಂದೆ ನಿಂತು, ಬಾಯಿ ತಪ್ಪಿ ಅಂದೆ, ನಿನಗೇನೂ ಆಗಿಲ್ಲ, ಚೆನ್ನಾಗಿದ್ದೀಯ ಎಂದು ಹೇಳಿದ. ಹಾಗಾದರೆ ಹತ್ತು ಮತ್ತೆ ಎಂದರು ಚಿಕ್ಕಪ್ಪ. ಅವನು ಬಹಳ ಹೊತ್ತು ತಲೆ ಕೆರೆದುಕೊಂಡ. ಹತ್ತಿದರೆ ಜೀವಕ್ಕೆ ಭಯ, ಹತ್ತದಿದ್ದರೆ ಆಡಿದ್ದು ಸುಳ್ಳೆಂದು ಮರಕ್ಕೆ ತಿಳಿದುಬಿಡುತ್ತದೆ. ಕೊನೆಗೆ ಪಕ್ಕದ ಮರ ಹತ್ತಿ, ಅಲ್ಲೇ ಏನೋ ಕೆಲಸವಿರುವವನಂತೆ ಮುಖ ಆಚೆಗೆ ತಿರುಗಿಸಿಕೊಂಡು, ಕುಡುಗೋಲು ಕಟ್ಟಿದ ದೋಟಿ ಚಾಚಿ ಅಜ್ಜಿಯ ಮರದ ಕಾಯಿಗಳನ್ನು ಕಿತ್ತ. ಒಂದೆರಡು ಶೀಟಿನ ಮೇಲೇ ಬಿದ್ದವು. ಮರ ಮಾತ್ರ ಉಳಿಯಿತು. ಆಮೇಲೆ ಬಂದಾಗಲೆಲ್ಲ ಹಾಗೆಯೇ ಕಿತ್ತುಕೊಟ್ಟ.

ಈ ಯುಗಾದಿಯ ಹಿಂದಿನ ವಾರ ಬಂದವನು ಪಕ್ಕದ ಮರ ಹತ್ತಲಿಲ್ಲ. ಅಜ್ಜಿಯ ಮರವನ್ನೇ ಬಹಳ ಹೊತ್ತು ತಬ್ಬಿ ನಿಂತ. ಅಜ್ಜಿಯನ್ನು ಬೇಲಿಯಾಚೆಗೆ ಕರೆದು ಏನೋ ಹೇಳಿದ. ಅಡುಗೆಮನೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ. ಈ ಸಲ ಅವಳು ಆಂ ಎನ್ನಲಿಲ್ಲ, ಹೂಂ ಎಂದು ತಲೆಯಾಡಿಸಿದಳು. ಅವನು ಒಂದು ಕಾಯಿಯನ್ನೂ ಕೀಳದೆ ಮೊಪೆಡ್ ಹತ್ತಿದ.

ಅಂದಿನಿಂದ ಅವನ ಫೋನ್ ಸ್ವಿಚ್ ಆಫ್. ತುರುವೇಕೆರೆ ಕಡೆ ಮಗಳ ಮನೆಗೆ ಹೋದ ಎಂದು ಹಟ್ಟಿಯಲ್ಲಿ ಕೆಲವರು, ಹುಳಿಯಾರಿಗೆ ಎಂದು ಕೆಲವರು. ಅವನು ಏನು ಹೇಳಿದ ಎಂದು ಅಜ್ಜಿಯನ್ನು ಕೇಳಿದೆ.

"ಮರ ಗಟ್ಟಿಮುಟ್ಟಾಗೈತೆ ಅಂದ."

"ನಿನಗೆ ಕೇಳಿಸ್ತಾ?"

"ಇನ್ನೇನಂದಾನು ಬುಡು."

ಕಾಯಿಗಳು ಒಣಗಿ ಶೀಟಿನ ಮೇಲೆ ತೂಗುತ್ತಿವೆ. ಮುಂದಿನ ಭಾನುವಾರ ಗರಗಸದವರಿಗೆ ಬರಲು ಹೇಳಿದ್ದಾರೆ ಚಿಕ್ಕಪ್ಪ. ಮರ ಗಟ್ಟಿಯಿದೆ ಎಂಬ ಮಾತು ದ್ಯಾವಣ್ಣನ ಬಾಯಿಂದಲೇ ಬಂದರೆ ಮಾತ್ರ ತಡೆಯುತ್ತಾರಂತೆ.

ಆದ್ದರಿಂದ ಅವನನ್ನು ಎಲ್ಲಾದರೂ ಕಂಡವರು, ಅಂದು ಅಜ್ಜಿಗೆ ಹೇಳಿದ್ದೇನೆಂದು ಕೇಳಿ ನನಗೆ ಬರೆದು ತಿಳಿಸಬೇಕು. ದಯವಿಟ್ಟು ಫೋನ್ ಮಾಡಬೇಡಿ. ಮನೆಯ ಫೋನನ್ನು ಅಜ್ಜಿಯೇ ಎತ್ತುತ್ತಾಳೆ, ಏನು ಹೇಳಿದರೂ ಹೂಂ ಎಂದು ಇಟ್ಟುಬಿಡುತ್ತಾಳೆ.