ಇನ್ನೊಮ್ಮಿ ಸಾಹೇಬ

ವಿಲಾಯತಿಯ ಟೀವಿಗೆ ಚಿತ್ರ ತೆಗೆಯಲೆಂದು ೧೯೬೨ರಲ್ಲಿ ಮಮದಾಪುರಕ್ಕೆ ಬಂದ ಸಾಹೇಬನಿಗೆ ಬರುತ್ತಿದ್ದ ಕನ್ನಡ ಒಂದೇ ಮಾತು: ‘ಇನ್ನೊಮ್ಮಿ.’ ಮಾಯಪ್ಪ ಬಿತ್ತಿದರೆ ಇನ್ನೊಮ್ಮಿ, ಸಾತವ್ವ ರೊಟ್ಟಿ ಬಡಿದರೆ ಇನ್ನೊಮ್ಮಿ. ಮುದುಕ ಅಲ್ಲಪ್ಪ ಕೆಮ್ಮಿದರೂ ಕ್ಯಾಮೆರಾ ಸರಿಮಾಡಿಕೊಂಡು ಇನ್ನೊಮ್ಮೆ ಕೆಮ್ಮಿಸುವನು. ಅವನು ಬಾಯಿ ತೆರೆದರೆ ಸಾತವ್ವನ ಎದೆ ಧಸಕ್ಕೆನ್ನುತ್ತಿತ್ತು: ಒಳ್ಳೆಯದಾದರೆ ಸರಿ, ಕೆಟ್ಟದ್ದನ್ನೂ ಎರಡು ಸಲ ಮಾಡಿಸಿದರೆ? ಒಂದು ದಿನ ಅವನ ಮಾತಿಗೆ ಎರಡನೆಯ ಸಲ ನೀರು ಸೇದಲು ಹೋದ ಅವಳ ಬಸುರಿ ಸೊಸೆ ಪಾಚಿಯ ಮೇಲೆ ಕಾಲು ಜಾರಿ ಬಾವಿಯೊಳಕ್ಕೆ ವಾಲಿದಳು. ಸಾಹೇಬ ಹಾರಿ ಬಂದು ರಟ್ಟೆ ಹಿಡಿದೆಳೆದ. ನೆರೆದವರೆಲ್ಲ ಅವನ ಬಾಯನ್ನೇ ನೋಡಿದರು. ‘ಬ್ಯಾಡ್ರಿ ಸಾಹೇಬರ, ಇದೊಂದು ಬ್ಯಾಡ್ರಿ!’ ಎಂದು ಸಾತವ್ವ ಕಾಲಿಗೆ ಬಿದ್ದಳು. ಹಿಂದೆ ಕ್ಯಾಮೆರಾ ಗರಗರ ತಿರುಗುತ್ತಿದ್ದರೂ ಹಿಡಿದ ರಟ್ಟೆಯನ್ನು ಅವನು ಬಿಡಲೇ ಇಲ್ಲ.