ಹತ್ತೊಂಬತ್ತನೆಯ ದಿನ ಹೊಸ್ತಿಲು ದಾಟಿಸಿದ ಕಮಲವ್ವ

ಫ್ಲೂಗರ್‌ವಿಲ್‌ನ ಕಮಲವ್ವ ಮಾಡುವ ಬಾಣಂತನವೆಂದರೆ ಪರದೇಶದ ಈ ಆಸ್ಟಿನ್ ನಗರದ ಸುತ್ತಮುತ್ತಲಿನ ನಮ್ಮ ಜನರಲ್ಲಿ ದೊಡ್ಡ ಹೆಸರು. ಹುಬ್ಬಳ್ಳಿಯಿಂದ ಸ್ವಂತ ಸೊಸೆಯ ಬಾಣಂತನಕ್ಕೆಂದು ಬಂದವಳನ್ನು ಸೊಸೆಯ ಗೆಳತಿಯರೆಲ್ಲ ಸರದಿಯ ಮೇಲೆ ಕರೆಯತೊಡಗಿದರು. ಆಕೆ ಕಾಲ ಮೇಲೆ ಹಾಕಿಕೊಂಡು ನೀರೆರೆದರೆ ಎಂಥ ಕೂಸೂ ಅಳುತ್ತಲೇ ನಿದ್ದೆಹೋಗಬೇಕು, ಅಂಥ ಕೈ! ಆದರೆ ಬಲು ಕಟ್ಟುನಿಟ್ಟು. ನಲವತ್ತು ದಿನ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಇಲ್ಲಿಯ ಜೂನ್ ತಿಂಗಳ ಸುಡುಬಿಸಿಲಲ್ಲೂ ಎ.ಸಿ. ಗಾಳಿ ಬರುವ ಕಿಂಡಿಗೆ ಪೇಪರು ಅಂಟಿಸುವಳು.

೨೦೦೩ರಲ್ಲಿ ನನ್ನ ಸೊಸೆ ನಿವೇದಿತಾ ಹಡೆದಾಗ ಕಮಲವ್ವ ಲಿಯಾಂಡರ್‌ನ ನಮ್ಮ ಮನೆಗೆ ಬಂದಳು. ಹತ್ತನೆಯ ದಿನದಿಂದ ನಿವೇದಿತಾ ಮಲಗಲೇ ಇಲ್ಲ. ಕೂಸು ಮಲಗಿದರೂ ಇವಳ ಕಣ್ಣು ತೆರೆದೇ ಇರುತ್ತಿತ್ತು. ತಾಟಿನ ಅನ್ನ ತಾಟಿನಲ್ಲೇ. ನಾನು ದೃಷ್ಟಿಯೆಂದು ಉಪ್ಪು, ಮೆಣಸಿನಕಾಯಿ ಇಳಿಸಿದೆ. ಕಮಲವ್ವ ಥಂಡಿಯೆಂದು ಕಷಾಯ ಕುಡಿಸಿ ಇನ್ನೊಂದು ಕಿಂಡಿಗೂ ಪೇಪರು ಹಚ್ಚಿದಳು. ಮಗ ಶ್ರೀಶೈಲ್, "ಆರನೇ ವಾರಕ್ಕ ಹೆಂಗೂ ಡಾಕ್ಟರ್ ಕಡೆ ಹೋಗೂದದ" ಅಂದ. ಮೂವರೂ ತಪ್ಪಿದೆವು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ, ಕಮಲವ್ವ ತಲೆಗೆ ಎಣ್ಣೆ ಒತ್ತುತ್ತಿದ್ದಾಗ ನಿವೇದಿತಾ ಮೆಲ್ಲಗೆ ಅಂದಳು, "ನಾ ಇಲ್ಲಂದ್ರ ಕೂಸಿಗೆ ಛಲೋ ಆಗ್ತದ."

ಕಮಲವ್ವನ ಕೈ ನಿಂತಿತು. "ಸಾಯಬೇಕು ಅನಸ್ತದೇನ, ಯವ್ವಾ?"

ನಾನು ಹೌಹಾರಿದೆ. "ಅಂಥಾ ಮಾತು ಯಾಕ ಬಾಯಾಗ ತರ್ತೀರಿ? ಇಲ್ಲದ್ದು ತಲ್ಯಾಗ ತುಂಬಿದಂಗ ಆಗ್ತದ!"

"ನಾ ಏನ್ ತುಂಬ್ಲಿ, ಶಾರದಮ್ಮಾರ? ಅಕಿ ಆ ಮಾತು ಒಬ್ಬಾಕೀನ ಹೊತ್ಕೊಂಡು ಕುಂತಾಳ."

ನಿವೇದಿತಾ ಹೌದೆಂದು ತಲೆಯಾಡಿಸಿ ಬಿಕ್ಕಿಬಿಕ್ಕಿ ಅತ್ತಳು.

ಕಮಲವ್ವ ಎದ್ದಳು ನೋಡಿ! "ಶ್ರೀಶೈಲಾ, ಡಾಕ್ಟರ್‌ಗೆ ಫೋನ್ ಹಚ್ಚು! ಇಲ್ಲೇ ನಿಂತು ಹಚ್ಚು, ಹುಡುಗೀನ್ನ ಒಂಟಿ ಬಿಡಬ್ಯಾಡ."

"ಆದ್ರ ನಲವತ್ತ್ ದಿನಾ..." ಎಂದ ಶ್ರೀಶೈಲ್.

"ಆ ಕಟ್ಟು ಹಾಕಿದಾಕಿ ನಾನು, ಮುರಿಯಾಕೀನೂ ನಾನ! ಕಾರ್ ತಗಿ!"

ಡಾಕ್ಟರಮ್ಮ ಈಗಲೇ ಬನ್ನಿ ಎಂದರು. ಎಣ್ಣೆಯ ತಲೆಗೆ ಸ್ಕಾರ್ಫ್ ಸುತ್ತಿ, ದಾರಿಯುದ್ದಕ್ಕೂ ಕಮಲವ್ವ ನಿವೇದಿತಾಳ ಕೈ ಬಿಡಲಿಲ್ಲವಂತೆ; ನಾನು ಕೂಸನ್ನಿಟ್ಟುಕೊಂಡು ಮನೆಯಲ್ಲಿದ್ದೆ. ಆಸ್ಪತ್ರೆಯಿಂದ ಶ್ರೀಶೈಲ್ ಫೋನ್ ಮಾಡಿ, "ಅವ್ವಾ, ಕಮಲವ್ವಾರು ಕೇಳಿದ ಪ್ರಶ್ನೀನ ಡಾಕ್ಟರೂ ಕೇಳಿದ್ರು!" ಎಂದ. ಹಡೆದವರಿಗೆ ಬರುವ ಮನಸ್ಸಿನ ಬೇನೆಯಂತೆ, ಔಷಧವಿದೆಯಂತೆ. ಎರಡು ವಾರ ನಿದ್ದೆ, ಊಟ ಬಿಟ್ಟರೆ ತೋರಿಸಲೇಬೇಕು, ಸಾವಿನ ಮಾತು ಬಂದರಂತೂ ಒಂದು ಗಳಿಗೆಯೂ ಕಾಯಬಾರದು ಎಂದರಂತೆ. ಐದು ದಿನ ಅಲ್ಲಿಯೇ ಇಟ್ಟುಕೊಂಡರು. ಮನೆಗೆ ಬಂದಮೇಲೂ ಗುಳಿಗೆ, ವಾರಕ್ಕೊಮ್ಮೆ ಮಾತುಕತೆ. ಗುಣವೆಂಬುದು ಏಳುತ್ತಾ ಬೀಳುತ್ತಾ ಬಂತು.

ಆಸ್ಪತ್ರೆಯಿಂದ ಬಂದು ಒಂದೂವರೆ ತಿಂಗಳಾಗಿರಬೇಕು; ನಲವತ್ತು ದಿನ ಮುಗಿದರೂ ಕಮಲವ್ವ ನಮ್ಮಲ್ಲೇ ಇದ್ದಳು. ನಿವೇದಿತಾ ಒಂದು ಮಧ್ಯಾಹ್ನ ನಿದ್ದೆಯಿಂದೆದ್ದು ಸೀದಾ ಅಡುಗೆಮನೆಗೆ ಬಂದಳು.

"ಕಮಲವ್ವಾರ, ದಿನಾ ಬಳ್ಳೊಳ್ಳಿ, ದಿನಾ ಮೆಣಸು! ನಾ ಮನಶ್ಯಾಳ ಅದೀನೋ, ಉಪ್ಪಿನಕಾಯಿ ಭರಣಿ ಅದೀನೋ? ಇವತ್ತ ಮಿರ್ಚಿ ಭಜಿ ಮಾಡ್ರಿ!"

ಕಮಲವ್ವ ಸೌಟು ಹಿಡಿದೇ ನನ್ನ ಕಡೆ ಓಡಿಬಂದಳು. "ಶಾರದಮ್ಮಾರ, ಕೇಳಿದ್ರೇನ? ಬೈದ್ಳು! ನನ್ನ ಬೈದ್ಳು!"

ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾ ಹೋಗಿ ಬಾಣಲೆ ಇಟ್ಟಳು.