ಅವ್ವನ ಹನ್ನೆರಡು ಸಾವಿರ ಹೆಜ್ಜೆ

ಗೆಳೆಯರೇ, ನನಗಿನ್ನೂ ನಂಬಲು ಆಗುತ್ತಿಲ್ಲ. ಸಕ್ಕರೆ ಕಾಯಿಲೆಯ ಅವ್ವ ದಿನಾ ನಡೆಯಲಿ ಎಂದು ಹೆಜ್ಜೆ ಎಣಿಸುವ ಸ್ಮಾರ್ಟ್‌ವಾಚ್ ಕೊಡಿಸಿದ್ದೆ. ಇಂದು ಕುಷ್ಟಗಿಯಲ್ಲಿ ಡಾಕ್ಟರು ಅದನ್ನು ನೋಡಿ, "ದಿನಾ ಹನ್ನೆರಡು ಸಾವಿರ ಹೆಜ್ಜಿ ನಡದ್ರೂ ಸಕ್ಕರಿ ಇಷ್ಟ್ಯಾಕ ಏರೇತಿ? ಗುಳಿಗಿ ಹೆಚ್ಚು ಮಾಡಬೇಕ್ರಿ" ಎಂದರು. 

ಮನೆಗೆ ಬಂದು ಅವ್ವ ಖಾನಾವಳಿಗೆ ಕೊಡುವ ಜೋಳದ ರೊಟ್ಟಿ ಬಡಿಯಲು ಕುಳಿತಳು. ಒಂದೊಂದು ಬಡಿತಕ್ಕೂ ವಾಚಿನಲ್ಲಿ ಹೆಜ್ಜೆ ಏರುತ್ತಿತ್ತು!

"ಯವ್ವಾ, ನೀ ಹೊರಗ ಅಡ್ಡಾಡೇ ಇಲ್ಲೇನ?"

"ವಾಚಿನ್ಯಾಗ ಹೆಜ್ಜಿ ತುಂಬಿದ್ವಲ್ಲೋ, ಮತ್ಯಾಕ ಅಡ್ಡಾಡ್ಲಿ?"

ರೊಟ್ಟಿ ಬಡಿಯುವಾಗ ಅದನ್ನು ಬಿಚ್ಚಿಡು ಎಂದೆ. "ಹಂಗಾರ ನಾ ದಿನಾ ದುಡಿಯೂದು ಲೆಕ್ಕಕ್ಕ ಇಲ್ಲೇನ?" ಎಂದು ಸಿಟ್ಟಾದಳು.

ವಾಚ್ ಮಾಡಿದವರ ಮನೆಯಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲವೆಂದು ಕಾಣುತ್ತದೆ.